ಉಮಾದೇವಿಯ ನಲವತ್ತೆಂಟು ತಾಸು

ಸೇಡಂ ಬಸ್ ನಿಲ್ದಾಣದ ಎದುರಿಗೆ ಆನ್‌ಲೈನ್ ಸೆಂಟರ್ ಇಟ್ಟುಕೊಂಡಿರುವ ಉಮಾದೇವಿ ವೀಸಾ ದಲ್ಲಾಳಿ ಎಂದು ಬಸವಂತರಾಯರು ಪೂರ್ತಿ ಎರಡು ತಿಂಗಳು ನಂಬಿದ್ದರು. ರಾಯರು ತಹಶೀಲ ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಅವರು ನಿವೃತ್ತರಾದದ್ದು ಕಚೇರಿಗೆ ಗೊತ್ತಾಗಿತ್ತು; ಅವರಿಗೆ ಇನ್ನೂ ಪೂರ್ತಿ ಗೊತ್ತಾಗಿರಲಿಲ್ಲ. ಪಕ್ಕದ ಚಹಾದ ಹೋಟೆಲಿನಲ್ಲಿ ಕುಳಿತು ದಿನಾ ನೋಡುತ್ತಿದ್ದರು: ಶಹಾಬಾದದ ಕಲ್ಲು ಪಾಲಿಶ್ ಮಾಡುವವರು, ವಾಡಿಯ ವೆಲ್ಡರುಗಳು, ಚಿತ್ತಾಪುರದ ಡ್ರೈವರುಗಳು ಒಬ್ಬೊಬ್ಬರಾಗಿ ಬಂದು ತಮ್ಮ ಪಾಸ್‌ಪೋರ್ಟನ್ನು ಆಕೆಯ ಕೈಗಿಟ್ಟು, ಆಕೆಯಿಂದ ಬೈಸಿಕೊಂಡು, ಮೇಲೆ ಕೈಮುಗಿದು ಹೋಗುತ್ತಿದ್ದರು. ಲಂಚದ ವ್ಯವಹಾರವಿಲ್ಲದೆ ಇಷ್ಟು ಭಕ್ತಿ ಎಲ್ಲಿಂದ ಬರಬೇಕು? ಅನುಭವಸ್ಥರ ತರ್ಕ. ಜಿಲ್ಲಾಧಿಕಾರಿಗಳಿಗೆ ಒಂದು ದೂರನ್ನೂ ಸುರು ಮಾಡಿದ್ದರು. ‘ಮಾನ್ಯರೇ’ ಎಂಬಲ್ಲಿಂದ ಮುಂದೆ ಹೋಗಲು ಮಾತ್ರ ಪುರಾವೆ ಸಿಕ್ಕಿರಲಿಲ್ಲ.

ಅದು ೨೦೨೧ರ ಅಕ್ಟೋಬರ್. ರಾಯರ ತಂಗಿಯ ಮಗ ಸಿದ್ದಲಿಂಗೇಶ ದುಬೈಯಲ್ಲಿ ಕ್ರೇನ್ ನಡೆಸುವವನು. ಹದಿನೈದು ದಿನದ ರಜೆಗೆಂದು ಬಂದವನು, ಕೊರೋನಾಕ್ಕೆ ಆ ದೇಶದ ಬಾಗಿಲು ಮುಚ್ಚಿ, ಊರಲ್ಲೇ ಐದು ತಿಂಗಳು ಸಿಕ್ಕಿಬಿದ್ದಿದ್ದ. ಬಾಗಿಲು ತೆರೆದ ಮೇಲೆ ಅವನ ಕಂಪನಿ ಕಡೆಯ ಮಾತು ತಿಳಿಸಿತು: ಗುರುವಾರ ಬರದಿದ್ದರೆ ಕ್ರೇನಿಗೆ ಬೇರೆಯವನು ಹತ್ತುತ್ತಾನೆ. ಹೈದರಾಬಾದಿನಿಂದ ವಿಮಾನ ಸಿಕ್ಕಿದ್ದು ಬುಧವಾರ ಸಂಜೆ ನಾಲ್ಕಕ್ಕೆ. ಬುಧವಾರ ಅಮಾವಾಸ್ಯೆ.

ಬಸವಂತರಾಯರಿರುವಾಗ ಅಮಾವಾಸ್ಯೆಗೆ ಯಾರು ಹೆದರಬೇಕು? ಹೊರಡುವ ದಿನ ಚಲೋ ಇಲ್ಲದಿದ್ದರೆ ಅದಕ್ಕೆ ಮೊದಲೇ ಒಂದು ಚಲೋ ದಿನ ನೋಡಿ ಗಂಟನ್ನು ನೆರೆಮನೆಯಲ್ಲಿ ಇಟ್ಟುಬಿಡುವುದು; ಅಲ್ಲಿಗೆ ಪ್ರಯಾಣ ಸುರುವಾದ ಲೆಕ್ಕ. ಇದಕ್ಕೆ ಪರಸ್ಥಾನ ಎನ್ನುತ್ತಾರೆ. ಸೋಮವಾರ ನಸುಕಿನಲ್ಲೇ ಬ್ಯಾಗು ನೆರೆಯ ಖಂಡೆಪ್ಪನ ಮನೆ ಸೇರಿತು. ಅದೇ ಶುಭದಿನ ಕೊರೋನಾ ಪರೀಕ್ಷೆಯೂ ಆಗಿಹೋಗಲಿ ಎಂದು ರಾಯರೇ ಅಳಿಯನನ್ನು ಕಲಬುರಗಿಗೆ ಕರೆದೊಯ್ದು ಹತ್ತು ಗಂಟೆಗೆ ಮೂಗಿಗೆ ಕಡ್ಡಿ ಹಾಕಿಸಿದರು. ಮಂಗಳವಾರ ಬೆಳಗ್ಗೆ ಮೊಬೈಲಿಗೆ ವರದಿ ಬಂತು: ನೆಗೆಟಿವ್. ಅದನ್ನು ಕಾಗದದ ಮೇಲೆ ತೆಗೆಸಬೇಕಿತ್ತು. ಅಷ್ಟೊತ್ತಿಗೆ ತೆರೆದಿದ್ದದ್ದು ಉಮಾದೇವಿಯ ಅಂಗಡಿ ಒಂದೇ.

ಉಮಾದೇವಿ ವರದಿ ಓದಿದಳು. ಬೆರಳು ಮಡಚಿ ಎಣಿಸಿದಳು.

“ಕಾಕಾ, ಈ ಕಾಗದ ವಿಮಾನ ಹತ್ತೂದಿಲ್ಲ.”

“ಯಾಕ ಹತ್ತೂದಿಲ್ಲ? ಸಹಿ ಅದ, ಸಿಕ್ಕಾ ಅದ. ಮೂವತ್ತಾರು ವರ್ಷ ಕಾಗದಾನೇ ನೋಡೀನವಾ ನಾ.”

“ತಾಸು ನೋಡ್ರಿ. ದುಬೈದವ್ರಿಗಿ ನಲವತ್ತೆಂಟು ತಾಸಿನ ಒಳಗಿಂದು ಬೇಕು. ನಾಳಿ ಹತ್ತಕ್ಕ ಇದರ ಜೀವ ಹೋಗ್ತದ. ವಿಮಾನ ನಾಕಕ್ಕ.”

“ವರದಿ ಇವತ್ತು ಬಂದದಲ್ಲಾ! ಇವತ್ತಿನಿಂದ ಹಿಡಿ.”

“ಅವ್ರು ಕಡ್ಡಿ ಹಾಕಿದ ತಾಸಿನಿಂದ ಹಿಡೀತಾರ್ರಿ. ಇಷ್ಟು ಗಡಿಬಿಡಿ ಮಾಡಿ ಸೋಮವಾರ ಯಾಕ ಕೊಟ್ರಿ?”

“ಮಾಮಾ ಪರಸ್ಥಾನ ಇಡಿಸಿದ್ರು,” ಎಂದ ಸಿದ್ದಲಿಂಗೇಶ, ನೆಲ ನೋಡುತ್ತ.

“ಗಂಟಿನ ಪರಸ್ಥಾನ ಕೇಳೀನಿ. ಮೂಗಿಂದೂ ಇಡ್ತಾರೇನು?”

ಗಂಡನ ಫಾರ್ಮು ತುಂಬಿಸಲು ಪಾಳಿಯಲ್ಲಿ ನಿಂತಿದ್ದ ಅಮೀರ್ಬೀ ಸೆರಗು ಬಾಯಿಗಿಟ್ಟು ನಕ್ಕಳು. ಉಮಾದೇವಿ ನಗಲಿಲ್ಲ. ಎರಡು ನೂರು ಪುಟದ ನೋಟ್‌ಬುಕ್ಕು ತೆಗೆದಳು. ಒಂದೊಂದು ದೇಶಕ್ಕೆ ಒಂದೊಂದು ಪುಟ, ಎಲ್ಲ ಪೆನ್ಸಿಲಿನಲ್ಲಿ. ಯಾಕೆಂದರೆ ಕಾಯ್ದೆ ವಾರಕ್ಕೊಮ್ಮೆ ಬದಲಾಗುತ್ತಿತ್ತು. ದುಬೈ ಪುಟ ಅಳಿಸಿ ಅಳಿಸಿ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಪಹಣಿ ತೆಗೆದು ಕೊಡಲೆಂದು ಅಂಗಡಿ ಹಾಕಿದವಳು, ಜನ ತಿರುಗಿ ಬಂದು ವಿಮಾನ ನಿಲ್ದಾಣದಲ್ಲಿ ಅತ್ತ ಕಥೆ ಹೇಳತೊಡಗಿದ ಮೇಲೆ ಇದನ್ನು ತಾನಾಗಿ ಕಲಿತಿದ್ದಳು. ರಾಯರು ಆ ಪುಟ ನೋಡಿದರು. ತಮ್ಮ ಮೂವತ್ತಾರು ವರ್ಷದಲ್ಲಿ ಇಷ್ಟು ದುಡಿದ ಕಡತ ಅವರು ನೋಡಿರಲಿಲ್ಲ.

ಆಕೆಯ ತವರು ತೆಲಂಗಾಣದ ಗಡಿಗೆ ಹತ್ತಿದ ಕುಂಚಾವರಂ. ತೆಲುಗು ಮನೆಮಾತಿನಷ್ಟೇ ಸಲೀಸು. ಹೈದರಾಬಾದಿನ ಲ್ಯಾಬಿಗೆ ಫೋನು ಹಚ್ಚಿ ಮೊದಲು ಜಗಳಾಡಿದಳು, ಆಮೇಲೆ ಅಣ್ಣಾ ಎಂದಳು, ಕಡೆಗೆ ಒಪ್ಪಿಸಿದಳು. ಸಂಜೆ ಐದರೊಳಗೆ ಹೋಗಿ ಮುಟ್ಟಿದರೆ ನಾಳೆ ಬೆಳಗ್ಗೆ ಹೊಸ ವರದಿ.

“ಹತ್ತೂವರಿ ಬಸ್ಸಿಗಿ ಕುಂದ್ರು, ತಮ್ಮಾ. ನಾಳಿ ಹತ್ತರ ಒಳಗ ವಿಮಾನ ನಿಲ್ದಾಣದಾಗ ಇರು, ಅಲ್ಲಿ ಇನ್ನೊಮ್ಮಿ ಕಡ್ಡಿ ಹಾಕ್ತಾರ. ಬ್ಯಾಗ್ ಎಲ್ಲದ? ತಾ, ನೋಡ್ತೀನಿ.”

“ಪರಸ್ಥಾನದ ಗಂಟು ನಡುವ ಬಿಚ್ಚಬಾರದವಾ,” ಎಂದರು ರಾಯರು.

“ದುಬೈ ಕಸ್ಟಮ್ಸಿನವ್ರು ಬಿಚ್ಚೂದಕ್ಕಿಂತ ನಾ ಬಿಚ್ಚೂದು ಚಲೋರಿ.”

ಬ್ಯಾಗು ಬಂತು. ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ನಡುವಿನಿಂದ ಆಕೆ ಒಂದು ಪೊಟ್ಟಣ ಎಳೆದಳು: ಗಸಗಸೆ. ಹಬ್ಬಕ್ಕೆ ಪಾಯಸ ಮಾಡಿಕೊಳ್ಳಲೆಂದು ತಾಯಿ ಕಟ್ಟಿದ್ದು.

“ಇದು ಅಲ್ಲಿ ಅಫೀಮಿನ ಲೆಕ್ಕ. ಕ್ರೇನ್ ಅಲ್ಲ, ಜೇಲು ಸಿಗ್ತದ.”

ರಾಯರು ಪೊಟ್ಟಣ ಎತ್ತಿ ತಮ್ಮ ಅಂಗಿಯ ಕಿಸೆಗೆ ಹಾಕಿಕೊಂಡರು. ಅಳಿಯನನ್ನು ತಾವೇ ಬಸ್ಸಿಗೆ ಹತ್ತಿಸಿದರು. ಬುಧವಾರವಿಡೀ ಹೋಟೆಲು ಬಿಟ್ಟು ಉಮಾದೇವಿಯ ಅಂಗಡಿಯಲ್ಲೇ ಕುಳಿತು, ಬಂದವರಿಗೆಲ್ಲ “ಕಡ್ಡಿ ಯಾವ ತಾಸಿಗಿ ಹಾಕಿಸಿದ್ರಿ?” ಎಂದು ವಿಚಾರಣೆ ಮಾಡಿದರು. ಪಹಣಿಗೆ ಬಂದವರನ್ನೂ ಬಿಡಲಿಲ್ಲ.

ಗುರುವಾರ ಬೆಳಗ್ಗೆ ಸಿದ್ದಲಿಂಗೇಶನ ಫೋಟೊ ಬಂತು, ಕ್ರೇನಿನ ಕುರ್ಚಿಯಿಂದಲೇ. ರಾಯರು ಅದನ್ನು ಹೋಟೆಲಿನಲ್ಲಿ ಎಲ್ಲರ ಕಣ್ಣಿಗೂ ಹಿಡಿದರು. “ನಮ್ಮ ಸೇಡಂದ ಹೆಣ್ಣುಮಗಳು ನೋಡ್ರೋ! ಅರಬ್ ದೇಶದ ಬಾಗಲಾ ಇಲ್ಲಿ ಕುಂತು ತಗಸ್ಯಾಳ!” ಎಂದು ನಿಲ್ದಾಣಕ್ಕೆಲ್ಲ ಕೇಳುವಂತೆ ಹೇಳಿ, ಎದೆಯುಬ್ಬಿಸಿಕೊಂಡು ಆಕೆಯ ಅಂಗಡಿಗೆ ಬಂದರು.

“ಅಲ್ಲವಾ, ಇಷ್ಟು ಪಕ್ಕಾ ಕಾಗದ ಯಾರು ಮಾಡ್ಯಾರ ಅಂತ ಅಲ್ಲಿ ಸಾಹೇಬ್ರು ನಿನ್ನ ಹೆಸರು ಕೇಳಿರಬೇಕಲ್ಲಾ?”

ಉಮಾದೇವಿ ಮುಂದಿನವನ ಪಾಸ್‌ಪೋರ್ಟಿನಿಂದ ತಲೆ ಎತ್ತಲಿಲ್ಲ.

“ಕಾಗದ ತಪ್ಪಿದ್ರ ಹೆಸರು ಕೇಳ್ತಾರ್ರಿ ಕಾಕಾ. ಸರಿ ಇದ್ರ ಯಾರು ಕೇಳ್ತಾರ?”