ತಮ್ಮನ ಹೆಸರಿನಲ್ಲಿ ಕಟ್ಟಿದ ಕೋಣೆ

ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಗುಂಡಿಯಕ್ಕ ಅನ್ನುತ್ತಿದ್ದರು. ಹದಿನೇಳು ವರ್ಷದಿಂದ ಗುಂಡಿ ಹಾಕುವ ಮೇಜಿನಲ್ಲೇ ಕೂತವಳು. "ಗುಂಡಿ ತೋಡೋಳೂ ಅಲ್ಲ, ಮುಚ್ಚೋಳೂ ಅಲ್ಲ, ಬರೀ ಹಾಕೋಳು" ಎಂದು ತಾನೇ ನಗುತ್ತಿದ್ದಳು. ಮನೆಯಲ್ಲಿ ಮೂವತ್ತೊಂದು ವರ್ಷದ ತಮ್ಮನಿದ್ದ. ಹುಟ್ಟುವಾಗಲೇ ಮೆದುಳಿಗೆ ಪೆಟ್ಟು ಬಿದ್ದು ಕಾಲು ನಿಲ್ಲಲಿಲ್ಲ, ನಾಲಿಗೆ ಹೊರಳಲಿಲ್ಲ. ಆದರೆ ತಲೆ ಬಲು ಚುರುಕು. ಅಕ್ಕ ರಟ್ಟಿನ ಮೇಲೆ ಬರೆದುಕೊಟ್ಟ ಅಕ್ಷರಗಳನ್ನು ಎಡಗೈ ಬೆರಳಿನಿಂದ ಒಂದೊಂದಾಗಿ ಮುಟ್ಟಿ ಹೇಳಬೇಕಾದ್ದನ್ನೆಲ್ಲ ಹೇಳುತ್ತಿದ್ದ. ಅದರಲ್ಲಿ ಮುಕ್ಕಾಲು ಪಾಲು ಅವಳ ಅಡುಗೆಯ ಮೇಲಿನ ದೂರು.

ಅಪ್ಪ ಸಾಯುವ ಮೊದಲು ತನ್ನ ವರ್ಕ್‌ಶಾಪ್ ಮಾರಿ, ಆ ಹಣವನ್ನು ಮಗನಿಗಾಗಿ ಟ್ರಸ್ಟ್ ಮಾಡಿಟ್ಟಿದ್ದ. ಅದನ್ನು ನೋಡಿಕೊಳ್ಳುವ ಹೊಣೆ ಚಿಕ್ಕಪ್ಪನದು. ಊಟಕ್ಕೂ ಬಾಡಿಗೆಗೂ, ಕೈಲಿ ಹಣವಿಲ್ಲದ ಅಂಗವಿಕಲರಿಗೆ ಸರ್ಕಾರ ಕೊಡುವ ಪಿಂಚಣಿ ತಮ್ಮನಿಗೆ ಬರುತ್ತಿತ್ತು. ಟ್ರಸ್ಟಿನ ಹಣವನ್ನು ತಮ್ಮನ ಕೈಗೆ ಕೊಟ್ಟರೆ ಆ ಪಿಂಚಣಿ ನಿಂತುಹೋಗುತ್ತಿತ್ತು. ಹಾಗಾಗಿ ಪಿಂಚಣಿಯಲ್ಲಿ ಪೂರೈಸದ್ದನ್ನು, ಅಂದರೆ ಗಾಲಿಕುರ್ಚಿ, ಹಲ್ಲಿನ ಡಾಕ್ಟರು, ವ್ಯಾಯಾಮ ಮಾಡಿಸುವವಳ ಸಂಬಳ ಇಂಥದ್ದನ್ನು, ಚಿಕ್ಕಪ್ಪನೇ ನೇರವಾಗಿ ಕೊಡಬೇಕಿತ್ತು. ಪ್ರತಿಯೊಂದೂ ತಮ್ಮನಿಗಾಗಿಯೇ ಇರಬೇಕೆಂಬುದು ನಿಯಮ.

ಚಿಕ್ಕಪ್ಪ ದನಿ ಎತ್ತಿದ್ದನ್ನು ಯಾರೂ ಕೇಳಿರಲಿಲ್ಲ. ಆ ವರ್ಷದ ಚಳಿಗೆ ತಮ್ಮನ ಕೈಕಾಲು ಸೆಟೆದು ಕಟ್ಟಿಗೆಯಾದವು. ಅಕ್ಷರದ ಮೇಲಿಟ್ಟ ಬೆರಳು ಜಾರಿ ಜಾರಿ ಬೀಳುತ್ತಿತ್ತು.

"ಚಿಕ್ಕಪ್ಪ, ಇವನಿಗೊಂದು ಹೀಟರ್ ಕೊಡಿಸಿ."

"ಕಾವು ನಿನಗೂ ತಾಗುತ್ತಲ್ಲಮ್ಮ," ಎಂದ ಚಿಕ್ಕಪ್ಪ ಬಲು ಮೆತ್ತಗೆ. "ಹಣ ಅವನದು. ನಿನ್ನ ಮೈ ಬೆಚ್ಚಗಾಗೋಕೆ ನಾನು ಖರ್ಚು ಮಾಡಿದ್ರೆ ತಪ್ಪಾಗುತ್ತೆ."

ಗಾಲಿಕುರ್ಚಿ ಹಿಡಿಸುವ ಹಾಗೆ ಬಚ್ಚಲ ಬಾಗಿಲು ಅಗಲ ಮಾಡಿಸಿ ಅಂದಳು. "ಆ ಬಾಗಿಲು ನೀನೂ ದಾಟ್ತೀಯಲ್ಲಮ್ಮ" ಅಂದ. ಅವಳು ನಂಬಿದಳು. ಟ್ರಸ್ಟಿನ ಪತ್ರವನ್ನು ಅವಳು ಕಣ್ಣಾರೆ ಕಂಡಿರಲಿಲ್ಲ; ಕೇಳಿದಾಗಲೆಲ್ಲ "ನಿನಗ್ಯಾಕಮ್ಮ ಆ ತಲೆನೋವು" ಅನ್ನುತ್ತಿದ್ದ.

ಒಂದು ದಿನ ವ್ಯಾಯಾಮ ಮಾಡಿಸುವವಳು ತಮ್ಮನ ಮೊಣಕಾಲು ಮಡಿಸುತ್ತ ಕೇಳಿದಳು: "ಚಿಕ್ಕಪ್ಪನ ಮನೇಲಿ ಕೋಣೆ ಚೆನ್ನಾಗಿ ಬಂದಿದೆ, ಅಳತೆ ನಾನೇ ಕೊಟ್ಟಿದ್ದು. ಇವರು ಯಾವಾಗ ಹೋಗೋದು?"

ಆ ಕೋಣೆಯ ಸುದ್ದಿ ಗುಂಡಿಯಕ್ಕನ ಕಿವಿಗೆ ಬಿದ್ದದ್ದು ಆಗಲೇ. ತಮ್ಮ ಅಕ್ಕನ ಮುಖವನ್ನೇ ನೋಡುತ್ತಿದ್ದ.

ಭಾನುವಾರ ಹೇಳದೆ ಕೇಳದೆ ಚಿಕ್ಕಪ್ಪನ ಮನೆಗೆ ಹೋದಳು. ಮೆಟ್ಟಿಲಿದ್ದ ಕಡೆ ಸಿಮೆಂಟಿನ ಇಳಿಜಾರು. ಹಿತ್ತಲ ಕಡೆ ಹೊಸ ಕೋಣೆ: ಅಗಲವಾದ ಬಾಗಿಲು, ಹಿಡಿಕೆಗಳಿದ್ದ ಬಚ್ಚಲು, ಕಂಬಿ ಕಟ್ಟಿದ ಮಂಚ, ಗೋಡೆಯಲ್ಲಿ ಹೀಟರ್. ಕಿಟಕಿ ಇತ್ತು, ಆದರೆ ಗಾಲಿಕುರ್ಚಿಯಲ್ಲಿ ಕೂತವನಿಗೆ ಹೊರಗೇನೂ ಕಾಣದಷ್ಟು ಎತ್ತರದಲ್ಲಿ. ಅಷ್ಟೂ ತಮ್ಮನ ಹಣ. ಒಂದು ಮಂಚಕ್ಕಿಂತ ಹೆಚ್ಚಿಗೆ ಅಲ್ಲಿ ಜಾಗವಿರಲಿಲ್ಲ. ಬಾಗಿಲಿನ ಹೊರಮೈಗೆ ಬೀಗ ಹಾಕುವಂಥ ಚಿಲಕ ಬಡಿದಿದ್ದರು.

"ನಡೆಯೋಕೇ ಆಗದವನಿಗೆ ಹೊರಗಡೆ ಚಿಲಕ ಯಾಕೆ?"

"ಅವನು ಹೊರಗೆ ಹೋಗ್ತಾನೆ ಅಂತಲ್ಲಮ್ಮ," ಎಂದ ಚಿಕ್ಕಪ್ಪ ನಗುತ್ತ. "ಒಳಗೆ ಬರೋರು ಇರ್ತಾರಲ್ಲ."

ಮೂರನೇ ದಿನ ಕೋರ್ಟಿನಿಂದ ಕಾಗದ ಬಂತು. ತಮ್ಮನನ್ನು ತನ್ನ ವಶಕ್ಕೆ ಕೊಡಬೇಕೆಂದು ಚಿಕ್ಕಪ್ಪ ಅರ್ಜಿ ಹಾಕಿದ್ದ. ಕಾರಣಗಳೂ ಇದ್ದವು. ಅಕ್ಕನ ಮನೆಯಲ್ಲಿ ಚಳಿಗೆ ಹೀಟರ್ ಇಲ್ಲ. ಬಚ್ಚಲಿನ ಬಾಗಿಲು ಕಿರಿದು.

ಅವಳು ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಅರ್ಧ ದಿನ ರಜೆ ಹಾಕಿ, ಟ್ರಸ್ಟುಗಳ ಮೇಲ್ವಿಚಾರಣೆಯ ಕಚೇರಿಗೆ ಹೋದಳು. ಅಲ್ಲಿನ ಗುಮಾಸ್ತೆ ಪತ್ರದ ನಕಲು ತೆಗೆದು ಮುಂದಿಟ್ಟಳು.

"ಹೀಟರ್ ಕಾವು ನಿಮಗೂ ತಾಗಿದ್ರೆ ತಪ್ಪೇನಿಲ್ಲಮ್ಮ. ತಗೊಂಡಿದ್ದು ಅವರಿಗೋಸ್ಕರಾನಾ ಅನ್ನೋದಷ್ಟೇ ಪ್ರಶ್ನೆ. ಬಾಗಿಲು, ಬಚ್ಚಲು ಎಲ್ಲ ಮಾಡಿಸಬಹುದು, ಅವರು ವಾಸ ಇರೋ ಮನೇಲಿ. ಬೇರೆಯವರ ಮನೇಲಲ್ಲ."

ಕೊನೆಯ ಪುಟವನ್ನು ಗುಂಡಿಯಕ್ಕ ತಾನೇ ಓದಿದಳು. ಮಗನ ಕಾಲಾನಂತರ ಉಳಿದ ಹಣವೆಲ್ಲ ಚಿಕ್ಕಪ್ಪನಿಗೆ. ಟ್ರಸ್ಟ್ ನೋಡಿಕೊಳ್ಳಲು ಅವನು ಪಡುವ ಪಾಡಿಗೆ ಕೃತಜ್ಞತೆಯೆಂದು ಅಪ್ಪನೇ ಬರೆಸಿದ್ದು. ಅವಳ ಕಣ್ಣಿಗೆ ಆ ಎತ್ತರದ ಕಿಟಕಿ ಕಟ್ಟಿತು.

ವಿಚಾರಣೆಯ ದಿನ ಚಿಕ್ಕಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದೊಂದು ಖರ್ಚಿನ ರಸೀದಿಯನ್ನೂ ಜೋಡಿಸಿ ತಂದಿದ್ದ. "ಎಲ್ಲ ಮಗುವಿಗಾಗಿಯೇ" ಅಂದ. "ಅವರಿಗೋಸ್ಕರಾನಾ" ಎಂಬ ಗುಮಾಸ್ತೆಯ ಪ್ರಶ್ನೆ ನೆನಪಿಟ್ಟುಕೊಂಡು ಗುಂಡಿಯಕ್ಕ ಒಂದನ್ನೇ ಕೇಳಿಕೊಂಡಳು: "ಮೇಡಂ, ಅವನನ್ನೂ ಒಂದು ಮಾತು ಕೇಳಿ."

ನ್ಯಾಯಾಧೀಶೆ ಕೆಳಗಿಳಿದು ಬಂದು ಗಾಲಿಕುರ್ಚಿಯ ಪಕ್ಕ ಕೂತರು. "ಆ ಕೋಣೆಗೆ ಹೋಗ್ತೀರಾ?"

ತಮ್ಮನ ಬೆರಳು ರಟ್ಟಿನ ಮೇಲೆ ಓಡಾಡಿತು. ಅದಕ್ಕೆ ನಾಲ್ಕು ನಿಮಿಷ ಹಿಡಿಯಿತು. ಅವನು ಮುಟ್ಟಿ ಹೇಳಿದ್ದು ಉತ್ತರವಲ್ಲ, ಪ್ರಶ್ನೆ: "ಅಕ್ಕ ಎಲ್ಲಿ ಮಲಗುತ್ತಾಳೆ?"

ನ್ಯಾಯಾಧೀಶೆ ತಲೆಯೆತ್ತಿ ಚಿಕ್ಕಪ್ಪನನ್ನು ನೋಡಿದರು. ಅವನು ಜೋಡಿಸಿಟ್ಟ ರಸೀದಿಗಳನ್ನೇ ಮತ್ತೆ ಜೋಡಿಸತೊಡಗಿದ.

ಅರ್ಜಿ ವಜಾ ಆಯಿತು. ಟ್ರಸ್ಟಿನ ಹೊಣೆ ಕೋರ್ಟ್ ನೇಮಿಸಿದ ಒಬ್ಬ ವಕೀಲೆಯ ಕೈಗೆ ಹೋಯಿತು. ಹೀಟರ್ ಆ ವಾರವೇ ಬಂತು, ಬಾಗಿಲು ಮುಂದಿನ ತಿಂಗಳು. ಹೊಸ ಕೋಣೆಗೆ ಸುರಿದ ಹಣವನ್ನು ಚಿಕ್ಕಪ್ಪ ವಾಪಸ್ ಕಟ್ಟಬೇಕೆಂದು ತೀರ್ಪಾಯಿತು, ಇನ್ನೂ ಕಟ್ಟುತ್ತಿದ್ದಾನೆ. ಆದರೆ ಕೊನೆಯ ಪುಟವನ್ನು ಬದಲಿಸುವ ಅಧಿಕಾರ ಯಾರಿಗೂ ಇರಲಿಲ್ಲ. ಬರೆಸಿದವನು ಸತ್ತುಹೋಗಿದ್ದ.

ಈಗ ಪ್ರತಿ ಸೋಮವಾರ ಬೆಳಿಗ್ಗೆ, ಅವಳು ಕೆಲಸಕ್ಕೆ ಹೊರಡುವ ಹೊತ್ತಿಗೆ ಸರಿಯಾಗಿ ಫೋನು ಬರುತ್ತದೆ. ಅದೇ ಮೆತ್ತನೆಯ ದನಿ.

"ಹುಡುಗ ಹೇಗಿದ್ದಾನಮ್ಮ?"

"ಚೆನ್ನಾಗಿದ್ದಾನೆ."

"ಊಟ ಗೀಟ ಸೇರುತ್ತಾ? ತೂಕ ಇಳಿದಿಲ್ಲ ತಾನೆ?"

"ಚೆನ್ನಾಗಿದ್ದಾನೆ, ಚಿಕ್ಕಪ್ಪ," ಎಂದು ಮತ್ತೊಮ್ಮೆ ಹೇಳಿ ಅವಳು ಫೋನಿಡುತ್ತಾಳೆ. ಹೊರಡುವ ಮುನ್ನ ಒಳಗೆ ಹೋಗಿ, ತಮ್ಮನ ಎದೆ ಏರಿಳಿಯುವುದನ್ನು ಸ್ವಲ್ಪ ಹೊತ್ತು ನಿಂತು ನೋಡುತ್ತಾಳೆ.