ಬಾಯವ್ವನ ಆರು ಕೊಡ ನೀರು

ಬಾಯವ್ವ ಆರನೆಯ ಕೊಡ ಸೇದಿ ಕಟ್ಟೆಯ ಮೇಲಿಟ್ಟು ಹಗ್ಗ ಸುತ್ತತೊಡಗಿದಳು. ಪಕ್ಕದ ಪಾಲಿನ ಕೆಂಪವ್ವ ಹತ್ತನೆಯ ಕೊಡವನ್ನು ಬಾವಿಗೆ ಬಿಡುತ್ತಿದ್ದಳು.

“ಯಾಕ ಆಯಿ, ಇಷ್ಟಕ್ಕ ಮುಗೀತನ? ನಿನ್ನ ಬದನಿ ಗಿಡಕ್ಕ ಇವತ್ತೂ ಉಪಾಸೇನು?”

“ಅವಕ್ಕ ನಿನ್ನಂಗ ನಾಕ ಹೊತ್ತು ಊಟ ಬೇಕಿಲ್ಲವ್ವಾ.”

ಅದು ೨೦೦೩ರ ಬೇಸಿಗೆ. ದೊಡವಾಡದ ಹೊರಗೆ ಪಂಚಾಯ್ತಿ ಕೊಟ್ಟ ಒಂದು ಎಕರೆಯನ್ನು ಮಹಿಳಾ ಸಂಘದವರು ಹನ್ನೊಂದು ಪಾಲು ಮಾಡಿ ಕಾಯಿಪಲ್ಲೆ ಬೆಳೆಯುತ್ತಿದ್ದರು. ಪಾಲಿಗೆ ದಿನಕ್ಕೆ ಹದಿನಾಲ್ಕು ಕೊಡ ನೀರು ಹಾಕಬೇಕು, ಆಗದವರು ಪಾಲು ಬಿಡಬೇಕು ಎಂಬುದು ಸಂಘದ ನಿಯಮ. ಅರವತ್ತೆಂಟರ ಬಾಯವ್ವನ ಬಲಭುಜ ಒಮ್ಮೆ ಮುರಿದು ಕೂಡಿಕೊಂಡದ್ದು. ಆರು ಕೊಡದ ಮೇಲೆ ಅದು ಏಳುತ್ತಿರಲಿಲ್ಲ. ವಾರಕ್ಕೊಂದು ಬುಟ್ಟಿ ಬದನೆಕಾಯಿ ಬೈಲಹೊಂಗಲದ ಸಂತೆಗೆ ಹೋದರೆ ಮಾತ್ರ ಅವಳ ಮನೆಗೆ ಜೋಳ ಬರುತ್ತಿತ್ತು.

ಬಾಯವ್ವ ಆರೇ ಕೊಡ ಹಾಕುತ್ತಾಳೆಂಬ ದೂರು ಸಂಘದ ಅಧ್ಯಕ್ಷೆ ತಂಗೆವ್ವನಿಗೆ ಮುಟ್ಟಿತ್ತು. ಪಾಲು ಬಿಡಿಸಲೆಂದೇ ಅವಳು ಆ ಬೆಳಿಗ್ಗೆ ಬಂದಳು. ಆಡಬೇಕಾದ ಮಾತನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದಳು.

“ಆಯಿ, ನೇಮ ಅಂದಮ್ಯಾಲ ಎಲ್ಲಾರಿಗೂ ಒಂದ ಅಲ್ಲೇನ್ರಿ?”

“ಹೌದವ್ವಾ. ಕುಂದ್ರು. ಈ ಸಾಲ ಒಂದ ಮುಗಸ್ತೇನಿ.”

ತಂಗೆವ್ವ ಬದುವಿನ ಮೇಲೆ ಕುಳಿತಳು. ಬಾಯವ್ವ ಮೊದಲಿಗೆ ನೀರು ಮುಟ್ಟಲಿಲ್ಲ. ಕಳೆ ತೆಗೆಯುವ ಕುರುಪಿಯಿಂದ ಗಿಡದ ಸುತ್ತ ಎರಡು ಬೆರಳು ಆಳ ಮಣ್ಣು ಕೆದರಿದಳು. ಹೆಂಟೆಗಳನ್ನು ಮುಷ್ಟಿಯಲ್ಲಿ ಪುಡಿಮಾಡಿ, ಬಿಸಿಲಿಗೆ ಕಪ್ಪು ಎರೆನೆಲ ಬಿಟ್ಟ ಬಿರುಕುಗಳಿಗೆ ತುಂಬಿದಳು. ದಾರದಷ್ಟು ಸಣ್ಣ ಬಿರುಕನ್ನೂ ಹೆಬ್ಬೆರಳಿನಿಂದ ಒತ್ತಿ ಮುಚ್ಚಿದಳು. ಆಮೇಲೆ ತಂಬಿಗೆಯಲ್ಲಿ ನೀರು ತೆಗೆದು, ಬುಡದಿಂದ ಒಂದು ಗೇಣು ದೂರ, ನಿಧಾನವಾಗಿ ಬಿಟ್ಟಳು. ನೀರು ಇಂಗಿದ ಮೇಲೆ ಒಣಮಣ್ಣು ಎಳೆದು ಮುಚ್ಚಿದಳು. ಅಲ್ಲಿ ನೀರು ಬಿದ್ದ ಗುರುತೇ ಉಳಿಯಲಿಲ್ಲ.

ಆಚೆ ಕೆಂಪವ್ವ ಕೊಡ ಬಗ್ಗಿಸಿದಳು. ನೆಲ ಗಟಗಟನೆ ಕುಡಿದುಬಿಟ್ಟಿತು. ತಂಗೆವ್ವ ಹೋಗಿ ಅಲ್ಲಿಯ ಬಿರುಕಿನಲ್ಲಿ ಕೈ ಹಾಕಿದಳು. ಮೊಣಕೈವರೆಗೆ ಹೋಯಿತು, ನೀರು ಅದಕ್ಕೂ ಕೆಳಗೆ ಇಳಿದಿತ್ತು. ಬೇರಿನ ಸುತ್ತಲ ಹೆಂಟೆ ಕಲ್ಲಿನಂತಿತ್ತು.

ತಿರುಗಿ ಬಂದು, ಬಾಯವ್ವ ಅಂದು ಇನ್ನೂ ಮುಟ್ಟದ ಕೊನೆಯ ಸಾಲಿನಲ್ಲಿ ಮಣ್ಣು ಸರಿಸಿದಳು. ಕೈಗೆ ತಂಪು ತಗುಲಿತು. ಹಿಡಿ ಬಿಗಿದರೆ ಮಣ್ಣು ಉಂಡೆಯಾಯಿತು.

“ಇದಕ್ಕ ನೀರ ಯಾವಾಗ ಹಾಕೀರಿ?”

“ನಾಕ ದಿನ ಆತು. ದಿನಾ ಪಾಲಿನ ಕಾಲಭಾಗಕ್ಕಷ್ಟ ಹಾಕತೇನಿ.”

ತಂಗೆವ್ವ ಉಂಡೆಯನ್ನು ಕೆಳಗಿಡಲಿಲ್ಲ. ಹುಟ್ಟಿದಾಗಿನಿಂದ ಇದೇ ಎರೆಮಣ್ಣಿನಲ್ಲಿ ಓಡಾಡಿದವಳು ಅವಳು. ಬಿರುಕು ಬಿಡುವ ಬೇಸಿಗೆಯಲ್ಲೂ ಅದು ನಾಲ್ಕು ದಿನ ನೀರು ಹಿಡಿದಿಟ್ಟುಕೊಳ್ಳುತ್ತದೆ ಎಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದಳು.

“ಎಲ್ಲಿ ಕಲತ್ರಿ ಆಯಿ ಇದನ್ನ?”

“ಕಲಿಯೂದೇನೈತಿ? ಮೂವತ್ತ ವರ್ಷ ಮಂದಿ ಹೊಲದಾಗ ಕಳೆ ತಗದೇನಿ. ಬಗ್ಗಿದಾಕಿಗೆ ನೆಲಾ ಬಿಟ್ರ ಮತ್ತೇನ ಕಾಣತೈತಿ?”

“ಮಂತ್ರಾ ಹಾಕಿರಬೇಕ ಮುದುಕಿ,” ಎನ್ನುತ್ತ ಕೆಂಪವ್ವನೂ ಬಂದು ಮಣ್ಣಿನಲ್ಲಿ ಕೈಯಿಟ್ಟಳು. ಆಮೇಲೆ ತಾನೂ ಒಂದು ಉಂಡೆ ಕಟ್ಟಿ ನೋಡಿದಳು.

ಸಂಜೆ ಸಂಘ ಸೇರಿತು. ಕೊಡದ ನಿಯಮ ಹೋಯಿತು, ಪಾಲು ಬಾಯವ್ವನಿಗೇ ಉಳಿಯಿತು. ಮರುವಾರದಿಂದ ಹನ್ನೊಂದೂ ಪಾಲಿನ ಮಣ್ಣಿಗೆ ಕೈ ಹಾಕಿ, ಯಾವುದಕ್ಕೆ ನೀರು ಬೇಕು, ಯಾವುದಕ್ಕೆ ಬೇಡ ಎಂದು ಹೇಳುವ ಕೆಲಸವೂ ಅವಳದಾಯಿತು.