ಸೂಜಿಗೆ ತೋಳು ಕೊಟ್ಟ ಉಸ್ತಾದರು

ಮಾದನಹಿಪ್ಪರಗಾದ ನಮ್ಮ ಪಕ್ಕದ ಮನೆಯಲ್ಲಿ ಕುಸ್ತಿ ಕಲಿಸುವ ಉಸ್ತಾದರಿದ್ದರು. ಮಾತುಮಾತಿಗೂ ತೊಡೆ ತಟ್ಟಿ "ನಮಗೇನಾಗ್ತದ್ರಿ?" ಎನ್ನುವರು. ಕೊರೊನಾ ಲಸಿಕೆ ಬಂದಾಗ ಮಾತ್ರ ಸೂಜಿಗೆ ಹೆದರಿ ಬಾಗಿಲ ಹಿಂದೆ ನಿಂತರು. ಅವರು ಹಾಕಿಸಿಕೊಳ್ಳದೆ ಓಣಿಯಲ್ಲಿ ಯಾರೂ ತೋಳು ಕೊಡುವಂತಿರಲಿಲ್ಲ.

ಲಸಿಕೆ ಹಾಕಲು ಬಂದ ನರ್ಸಬಾಯಿ ಅವರ ಅಂಗಳದಲ್ಲೇ ಕೂತು ಹೇಳಿದರು: "ಇದರಾಗ ಸತ್ತ ವೈರಸ್ ಇರ್ತದ್ರಿ. ನಿಮ್ಮ ಮೈ ಅದರ ಕೂಡ ಕುಸ್ತಿ ಕಲೀತದ. ನಾಳೆ ಜೀವಂತ ವೈರಸ್ ಬಂದ್ರ ಪಟ್ಟು ಗೊತ್ತಿರ್ತದ."

"ಸತ್ತದ್ದರ ಕೂಡ ಎಂಥಾ ಕುಸ್ತಿರಿ?" ಎಂದು ನಗುತ್ತ ಉಸ್ತಾದರು ತೋಳು ಕೊಟ್ಟರು. ಹಿಂದೆಯೇ ಓಣಿಯೆಲ್ಲ ಸಾಲುಗಟ್ಟಿತು.

ಮರುದಿನ ನೋಡಲು ಹೋದರೆ ಜ್ವರ ಬಂದು ಕಂಬಳಿ ಹೊದ್ದು ಮಲಗಿದ್ದರು. ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದರು: "ಸತ್ತಂವನೇ ಇಷ್ಟು ಜೋರದಾನ, ಜೀವಂತ ಇದ್ದಂವ ಹ್ಯಾಂಗಿರಬೇಕ್ರಿ. ಎರಡನೇ ಸೂಜಿ ಯಾವಾಗಂತ ಸ್ವಲ್ಪ ಕೇಳಿ ಬರ್ರಿ."